ಸೊಂಟದೊಳಗಿನ ನಂಬರು

ಬಲಗಾಲನ್ನು ಕೊಂಚ ಹೊರಕ್ಕೆ ತಿರುಗಿಸಿ ಊರಿದರೆ ಸೊಂಟದಿಂದ ಸದ್ದು ಬರುವುದಿಲ್ಲ ಎಂಬುದನ್ನು ಗೋಪಿನಾಥ ದೀಪಾವಳಿಯ ಹೊತ್ತಿಗೇ ಕಂಡುಕೊಂಡಿದ್ದ. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಯಿಂದ ಕೆಳಕ್ಕೆ ಮೂವತ್ತೆರಡು ಮೆಟ್ಟಿಲು. ಅಷ್ಟನ್ನೂ ಬಾತುಕೋಳಿಯಂತೆ ಇಳಿದು, ಬೇವಿನ ಮರದ ಕೆಳಗೆ ನಿಂತು ತಲೆಯೆತ್ತಿದರೆ ಹೆಂಡತಿ ಲೀಲಮ್ಮ ಬಾಲ್ಕನಿಯಲ್ಲಿ ಒದ್ದೆ ಟವೆಲು ಹರವುತ್ತ ನಿಂತಿರುತ್ತಾಳೆ. ‘ಮಫ್ಲರ್ ಇರೋದು ಕಿವಿ ಮುಚ್ಚೋಕೆ ರೀ, ಹಾರದ ಹಾಗೆ ಹಾಕ್ಕೊಳ್ಳೋಕಲ್ಲ’ ಎಂದು ಕೂಗುತ್ತಾಳೆ. ಇವತ್ತೂ ಕೂಗಿದಳು. ಅವನು ಮಫ್ಲರನ್ನು ಕಿವಿಯ ಮೇಲೆ ಎಳೆದುಕೊಂಡ. ಡಿಸೆಂಬರಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಚೀಲದೊಳಗಿನ ಡಬ್ಬಿ ತೊಡೆಗೆ ತಾಗಿ ಬೆಚ್ಚಗಿತ್ತು; ಮೂಲಂಗಿ ಹುಳಿ ಎಂದು ಅಡುಗೆಮನೆಯ ವಾಸನೆಯಿಂದಲೇ ಗೊತ್ತಾಗಿತ್ತು. ಐವತ್ತೇಳು ವರ್ಷದ ಮನುಷ್ಯನಿಗೆ ಬೆಳಗ್ಗೆ ಎಂಟೂಮುಕ್ಕಾಲಿಗೆ ಇನ್ನೇನು ಬೇಕು ಅನ್ನಿಸಿ ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಸೊಂಟದೊಳಗೆ ಲೋಹಕ್ಕೆ ಲೋಹ ಉಜ್ಜಿ, ಪುಡಿಯಾಗಿ, ರಕ್ತಕ್ಕೆ ಸೇರುತ್ತಿದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ಕೊಟ್ಟಿರುವಾಗ ಮೂಲಂಗಿ ಹುಳಿಗೆ ಹಿಗ್ಗುವವನು ಎಂಥ ಮನುಷ್ಯ ಎಂದು ತನ್ನನ್ನೇ ಕೇಳಿಕೊಂಡ. ಇವತ್ತು ಹೇಗಾದರೂ ಮಾಡಿ ಆಫೀಸಿನ ನೆಲಮಾಳಿಗೆಗೆ, ಹಳೆ ಕಡತ ನೋಡಿಕೊಳ್ಳುವ ಶಂಕರಪ್ಪನ ರೆಕಾರ್ಡ್ ರೂಮಿಗೆ, ಇಳಿಯಲೇಬೇಕು ಎಂದಷ್ಟೇ ಹೊಳೆಯಿತು. ಇದೇ ನಿರ್ಧಾರವನ್ನು ಅವನು ಸೋಮವಾರವೂ ಮಾಡಿದ್ದ, ಮಂಗಳವಾರವೂ ಮಾಡಿದ್ದ.

ಸೊಂಟದ ಆ ಕೃತಕ ಕೀಲು ಅವನ ಮೈಯೊಳಕ್ಕೆ ಬಂದದ್ದು ಮೂರು ವರ್ಷದ ಹಿಂದೆ, ಎರಡು ಸಾವಿರದ ಆರನೇ ಇಸವಿಯ ನವೆಂಬರಿನಲ್ಲಿ. ಡಾಕ್ಟರು ಮೇಜಿನ ಮೇಲೆ ಎರಡು ಮಾದರಿ ಇಟ್ಟಿದ್ದರು. ಒಂದು ಇಲ್ಲಿಯದೇ, ಲೋಹದ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು. ಇನ್ನೊಂದು ಹೊರದೇಶದ್ದು, ಗುಂಡೂ ಲೋಹ, ಬಟ್ಟಲೂ ಲೋಹ, ಮುಖ ನೋಡಿಕೊಳ್ಳುವಷ್ಟು ಹೊಳಪು. ಇದು ನಿಮ್ಮ ಜೊತೆಗೇ ಹೋಗುವಂಥದ್ದು ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದಾಗ ಗೋಪಿನಾಥನಿಗೆ ಅದರಲ್ಲಿ ಗ್ಯಾರಂಟಿಯೊಂದೇ ಕೇಳಿಸಿತು. ಒಳ್ಳೆಯ ಕುಕ್ಕರು ಆರಿಸುವ ಹಾಗೆ ಹೊರದೇಶದ್ದನ್ನೇ ಆರಿಸಿದ. ಕೀಲಿಗೇ ಒಂದು ಲಕ್ಷ ಎಪ್ಪತ್ತು ಸಾವಿರ. ಅದರಲ್ಲಿ ಸರ್ಕಾರ ಕೊಟ್ಟದ್ದು ಅರವತ್ತು, ಮಿಕ್ಕದ್ದು ಅವನ ಪ್ರಾವಿಡೆಂಟ್ ಫಂಡಿನಿಂದ ಹೋಯಿತು. ಈಗ ಅದನ್ನು ತೆಗೆದು, ಸವೆದ ಮೂಳೆ ಸರಿಮಾಡಿ, ಬೇರೆಯದನ್ನು ಕೂರಿಸಲು ಮೂರು ಲಕ್ಷ ತೊಂಬತ್ತು ಸಾವಿರ. ಹಾಕುವುದಕ್ಕಿಂತ ತೆಗೆಯುವುದು ದುಬಾರಿ ಎಂಬುದನ್ನು ಯಾವ ಡಾಕ್ಟರೂ ಮೊದಲೇ ಹೇಳುವುದಿಲ್ಲ. ಒಂದೇ ಕೀಲಿಗೆ ಹತ್ತು ವರ್ಷದೊಳಗೆ ಎರಡನೆಯ ಸಲ ಸರ್ಕಾರ ಹಣ ಕೊಡುವುದಿಲ್ಲವೆಂಬ ನಿಯಮ ಗೋಪಿನಾಥನಿಗೆ ಬಾಯಿಪಾಠ. ಸಚಿವಾಲಯದಲ್ಲಿ ನೌಕರರ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ ಸೆಕ್ಷನ್ನಿಗೆ ಅವನೇ ಆಫೀಸರು. ಹಣ ಇಲ್ಲವೆಂದಲ್ಲ, ಇತ್ತು. ದ್ವಾರಕಾದ ಸೊಸೈಟಿಯಲ್ಲಿ ಬರೆಸಿದ್ದ ಫ್ಲ್ಯಾಟಿನ ಕೊನೆಯ ಕಂತು, ನಾಲ್ಕು ಲಕ್ಷ, ಮಾರ್ಚಿಗೆ ಕಟ್ಟಬೇಕಾದದ್ದು. ಇನ್ನು ಎರಡೂವರೆ ವರ್ಷಕ್ಕೆ ನಿವೃತ್ತಿಯಾಗುತ್ತದೆ, ಕ್ವಾರ್ಟರ್ಸು ಬಿಡಬೇಕು. ಸೊಂಟವೋ ಸೂರೋ ಎಂದು ಲೀಲಮ್ಮನೇ ಒಂದು ದಿನ ಅಂದಳು, ಅಂದು ನಕ್ಕಳು, ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು.

ಅವರ ಮಗಳು ಅದಿತಿ ಗುರುಗಾಂವಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆ ಕೀಲನ್ನು ಹೊರದೇಶದಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದಾರೆಂಬ ಸುದ್ದಿಯನ್ನು ಕಂಪ್ಯೂಟರಿನಲ್ಲಿ ಹುಡುಕಿ ತಂದವಳು ಅವಳೇ. ‘ಅಪ್ಪಾ, ಯೇ ಪೀಸ್ ತೋ ಬಾಹರ್ ವಾಪಸ್ ಲೇ ರಹೇ ಹೈಂ. ನಿಮ್ದೊಂದೇ ಅಲ್ಲ, ಬಹುತ್ ಲೋಗೋಂ ಕಾ ಖರಾಬ್ ಆಗಿದೆ. ಅವರು ಫ್ರೀ ಆಗಿ ಚೇಂಜ್ ಮಾಡಿ ಕೊಡಬೇಕು, ಯೂ ಹ್ಯಾವ್ ಟು ಆಸ್ಕ್’ ಎಂದಳು. ಕೇಳಲು ಅವನು ಕೀಲು ಮಾಡಿದ ಕಂಪನಿಯ ಆಫೀಸಿಗೆ ಹೋದ. ನೆಹರೂ ಪ್ಲೇಸಿನ ಆರನೆಯ ಮಹಡಿ, ಗಾಜಿನ ಬಾಗಿಲು, ಕೆಂಪು ಸೋಫಾ. ಹೌದು, ಕೆಲವು ಬ್ಯಾಚುಗಳಿಗೆ ಕಂಪನಿಯೇ ಖರ್ಚು ಹಾಕಿಕೊಳ್ಳುತ್ತದೆ ಎಂದು ಅಲ್ಲಿಯ ಹುಡುಗಿ ನಯವಾಗಿ ಒಪ್ಪಿದಳು. ಮೊದಲು ಮಂಜೂರಾತಿ, ಆಮೇಲೆ ಆಪರೇಷನ್. ಡಿಸೆಂಬರ್ ಮೂವತ್ತೊಂದರೊಳಗೆ ಅರ್ಜಿ. ಬ್ಯಾಚ್ ನಂಬರು? ‘ಅಂಕಲ್, ಡಬ್ಬದ ಮೇಲಿನ ಸ್ಟಿಕ್ಕರ್ ಇರುತ್ತಲ್ಲ, ಬೆಳ್ಳಿ ಬಣ್ಣದ್ದು, ಅದು ತನ್ನಿ. ಒರಿಜಿನಲ್’ ಎಂದು ಹಿಂದಿಯಲ್ಲಿ ಹೇಳಿ ಸಣ್ಣಗೆ ನಕ್ಕಳು. ಆ ನಗು ಅವನಿಗೆ ಪರಿಚಯದ್ದು. ಕಾಗದವೊಂದು ಕಡಿಮೆಯಿರುವವನ ಮುಂದೆ ಕಾಗದ ಕೇಳುವವನು ನಗುವ ನಗು. ಇಪ್ಪತ್ತು ವರ್ಷದಿಂದ ಅವನು ಅದನ್ನು ತನ್ನ ಮೇಜಿನ ಈ ಕಡೆ ಕೂತು ನಕ್ಕಿದ್ದ, ಆ ಕಡೆಯಿಂದ ಹೇಗೆ ಕಾಣುತ್ತದೆಂದು ನೋಡಿರಲಿಲ್ಲ. ಆಸ್ಪತ್ರೆಯವರನ್ನು ಕೇಳಿದ. ಎರಡು ಮಳೆಗಾಲದ ಹಿಂದೆ ಅವರ ನೆಲಮಾಳಿಗೆಗೆ ನೀರು ನುಗ್ಗಿ ಆ ವರ್ಷದ ದಾಖಲೆಗಳೆಲ್ಲ ಮುದ್ದೆಯಾದವಂತೆ. ಡಾಕ್ಟರನ್ನು ಕೇಳಿದ. ‘ನಂಬರು ಎಲ್ಲೂ ಹೋಗಿಲ್ಲ, ಗೋಪಿನಾಥ್‌ಜೀ. ಲೋಹದ ಮೇಲೇ ಕೊರೆದಿರುತ್ತೆ. ಓದಬೇಕು ಅಂದ್ರೆ ನಿಮ್ಮನ್ನ ತೆರೀಬೇಕು, ಅಷ್ಟೇ’ ಎಂದರು ಅವರು. ತನ್ನ ದಾಖಲೆಯನ್ನು ತಾನೇ ಹೊತ್ತು ತಿರುಗುತ್ತಿದ್ದೇನೆ, ಓದಲು ಮಾತ್ರ ಆಗದು ಎಂಬ ಯೋಚನೆ ಆವತ್ತು ಆಟೋದಲ್ಲಿ ಬರುವಾಗ ಅವನನ್ನು ಸ್ವಲ್ಪ ರಂಜಿಸಿತು ಕೂಡ. ಮನೆಯಲ್ಲಿ ನಕಲುಗಳ ಫೋಲ್ಡರ್ ತೆಗೆದು ನೋಡಿದ. ಬಿಲ್ಲಿನಿಂದ ಹಿಡಿದು ಸೂಜಿಯ ರಸೀತಿಯವರೆಗೆ ಎಲ್ಲದರ ಜೆರಾಕ್ಸ್ ಇತ್ತು. ಸ್ಟಿಕ್ಕರಿನದೂ ಇತ್ತು. ಆದರೆ ಹೊಳೆಯುವ ಬೆಳ್ಳಿ ಬಣ್ಣ ಜೆರಾಕ್ಸಿನಲ್ಲಿ ಬರೀ ಕಪ್ಪು ಚೌಕವಾಗಿತ್ತು.

ಒರಿಜಿನಲ್ ಇದ್ದದ್ದು ಆಫೀಸಿನ ಕಡತದಲ್ಲಿ. ಆ ಕಡತ ಈ ಏಪ್ರಿಲ್‌ನಲ್ಲಿ, ದಾಖಲೆ ಸಪ್ತಾಹದಲ್ಲಿ, ರದ್ದಿಗೆ ಹೋಯಿತು. ಸಿ ವರ್ಗದ ಕಡತ, ಮೂರು ವರ್ಷ ಇಟ್ಟು ನಾಶಪಡಿಸಬಹುದು. ನಾಲ್ಕುನೂರ ಹನ್ನೆರಡು ಕಡತಗಳ ಪಟ್ಟಿಗೆ ಸಹಿ ಹಾಕಿದವನು ಗೋಪಿನಾಥನೇ, ಅದಕ್ಕಾಗಿ ಪ್ರಶಂಸಾಪತ್ರ ಪಡೆದವನೂ ಅವನೇ. ಆ ಪತ್ರಕ್ಕೆ ಲೀಲಮ್ಮ ಗಾಜಿನ ಕಟ್ಟು ಹಾಕಿಸಿ ಟೀವಿಯ ಪಕ್ಕ ನಿಲ್ಲಿಸಿದ್ದಾಳೆ.

ಮೂಲೆಯ ಹಾಲಿನ ಬೂತಿನ ಮುಂದೆ ಚಾರ್ಟರ್ಡ್ ಬಸ್ಸು ನಿಂತಿತ್ತು. ಸರ್ಕಾರಿ ನೌಕರರು ತಿಂಗಳ ಲೆಕ್ಕದಲ್ಲಿ ಮಾಡಿಕೊಂಡ ಬಸ್ಸು. ಒಬ್ಬೊಬ್ಬರಿಗೂ ಗೊತ್ತುಪಡಿಸಿದ ಸೀಟು. ಹಿಂದಿನ ಸಾಲಿನಲ್ಲಿ ಬ್ರೀಫ್‌ಕೇಸು ಅಡ್ಡ ಇಟ್ಟು ಆಗಲೇ ಸೀಪ್ ಎಂಬ ಇಸ್ಪೀಟಾಟ ಶುರುವಾಗಿತ್ತು, ಮುಂದೆ ಯಾರೋ ಹೆಂಗಸರು ಸಣ್ಣ ದನಿಯಲ್ಲಿ ಭಜನೆ ಹೇಳುತ್ತಿದ್ದರು. ಸರೋಜಿನಿ ನಗರದಿಂದ ಹತ್ತುವ ಶಂಕರಪ್ಪ ಬಾಗಿಲ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟು, ತಾನು ಹಿಂದಿನ ಸೀಟಿನಲ್ಲಿ ಕೂತಿದ್ದ. ಗೋಪಿನಾಥ ಹತ್ತುತ್ತಲೇ ಶಂಕರಪ್ಪ ಚೀಲ ತೆಗೆದುಕೊಂಡ. ಆ ಸೀಟು ಶಂಕರಪ್ಪನದು. ಗೋಪಿನಾಥನಿಗೆ ಆಪರೇಷನ್ ಆದ ಮೇಲೆ, ಯಾರೂ ಹೇಳದೆ, ಅವನೇ ಬಿಟ್ಟುಕೊಟ್ಟದ್ದು.

‘ಕಾಲು ಹೆಂಗಿದೆ ಸಾರ್ ಇವತ್ತು?’

‘ಪರವಾಗಿಲ್ಲ ಶಂಕರಪ್ಪನವರೇ. ಚಳಿ ನೋಡಿ.’

‘ಸಾಸಿವೆ ಎಣ್ಣೆ ಬೆಚ್ಚಗೆ ಮಾಡಿ ಹಚ್ಚೋಕೆ ಹೇಳಿ ಅಂತ ನಮ್ಮನೇಲಿ ಹೇಳ್ತಿದ್ರು. ನಾನು ಅವರದು ಒಳಗಿನ ನೋವು ಕಣೆ, ಎಣ್ಣೆ ಅಲ್ಲಿಗೆಲ್ಲಿ ಹೋಗುತ್ತೆ ಅಂದೆ.’

ಒಳಗಿನ ನೋವು ಎಂದಾಗ ಗೋಪಿನಾಥ ಥಟ್ಟನೆ ಕಿಟಕಿಯ ಕಡೆ ತಿರುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮಾಡಿದವನು ಖಂಡಿತ ಯಾವುದೋ ಆಫೀಸಿನಲ್ಲಿ ಕೆಲಸ ಮಾಡಿದವನಿರಬೇಕು. ಶಂಕರಪ್ಪ ಹಿರಿಯೂರಿನ ಕಡೆಯವನು, ಮೂರು ವರ್ಷದ ಹಿಂದೆ ಅಕೌಂಟ್ಸಿನಲ್ಲಿ ಗುಮಾಸ್ತ. ಅವನ ಹೆಂಡತಿ ಅಹಲ್ಯಾಳ ಸೊಂಟದ ಆಪರೇಷನ್ ಆದದ್ದು ಗೋಪಿನಾಥನದಕ್ಕಿಂತ ಆರು ತಿಂಗಳ ಮೊದಲು. ಇಲ್ಲಿಯದೇ ಅಗ್ಗದ ಕೀಲು, ಐವತ್ತನಾಲ್ಕು ಸಾವಿರ. ಬಿಲ್ಲು ಗೋಪಿನಾಥನ ಮೇಜಿಗೆ ಬಂತು. ಸ್ಟಿಕ್ಕರು ಇರಲಿಲ್ಲ. ಸ್ಟಿಕ್ಕರಿಲ್ಲದೆ ಕೀಲಿನ ಹಣ ಕೊಡಕೂಡದೆಂದು ಹೊಸ ಆದೇಶ ಬಂದಿತ್ತು. ಮೂರು ಸಲ ಶಂಕರಪ್ಪ ಬಂದ, ಮೂರು ಸಲವೂ ಗೋಪಿನಾಥ ಹಿಂದಿರುಗಿಸಿದ. ಆಸ್ಪತ್ರೆಯವರು ಕೊಡಲೇ ಇಲ್ಲ ಸಾರ್ ಎಂದರೆ ‘ಬರೆದು ಕೊಡಿ’ ಎಂದ. ಅದು ಅವನ ಪ್ರಸಿದ್ಧ ಮಾತು. ಸೆಕ್ಷನ್ನಿನವರು ಬೆನ್ನ ಹಿಂದೆ ಅವನ ದನಿಯಲ್ಲೇ ಅದನ್ನು ಆಡಿ ತೋರಿಸುತ್ತಾರೆಂದು ಅವನಿಗೆ ಗೊತ್ತು. ಊಟದಲ್ಲಿ ಇನ್ನೊಂದು ಸೌಟು ಸಾರು ಕೇಳಿದರೆ ಲೀಲಮ್ಮನೂ ‘ಬರೆದು ಕೊಡಿ’ ಅನ್ನುತ್ತಾಳೆ. ಬಾಯಿಮಾತು ಗಾಳಿ, ಬರೆದದ್ದು ಕಲ್ಲು ಎಂದು ಅವನು ನಿಜವಾಗಿ ನಂಬಿದ್ದ. ಶಂಕರಪ್ಪ ಬರೆದೂ ಕೊಟ್ಟ. ಅದೂ ಸಾಲದೆಂದು ಡಿಸೆಂಬರಿನಲ್ಲಿ ಕಡತ ಮುಚ್ಚಿತು. ‘ನಿಯಮ ಅಂದ್ರೆ ನಿಯಮ, ನೀವೇನು ಮಾಡ್ತೀರಿ ಸಾರ್’ ಎಂದು ಕೈಮುಗಿದು ಹೋದವನು ಸ್ಕೂಟರು ಮಾರಿದ, ಸಹಕಾರ ಸಂಘದಲ್ಲಿ ಸಾಲ ತೆಗೆದ, ಈ ಬಸ್ಸಿಗೆ ಸೇರಿಕೊಂಡ.

ಅಷ್ಟೇ ಆಗಿದ್ದರೆ ನಿಯಮದ ಹಿಂದೆ ಬೆಚ್ಚಗೆ ಕೂರಬಹುದಿತ್ತು. ಮರು ವರ್ಷದ ಫೆಬ್ರವರಿಯಲ್ಲಿ, ಹೊಸಬರಿಗೆ ತರಬೇತಿ ಕೊಡಲು ಆ ಆದೇಶವನ್ನು ಮತ್ತೆ ಓದುತ್ತಿದ್ದಾಗ ಗೋಪಿನಾಥನ ಕಣ್ಣಿಗೆ ಕೊನೆಯ ಸಾಲು ಬಿತ್ತು. ಹೊರಡಿಸಿದ ದಿನದಿಂದ ಜಾರಿ. ಹೊರಡಿಸಿದ್ದು ಜೂನ್ ಎರಡು. ಅಹಲ್ಯಾ ಆಸ್ಪತ್ರೆಯಿಂದ ಮನೆಗೆ ಬಂದದ್ದು ಮೇ ಇಪ್ಪತ್ತಾರು. ಅವಳ ಬಿಲ್ಲಿಗೆ ಸ್ಟಿಕ್ಕರು ಬೇಕೇ ಇರಲಿಲ್ಲ. ಒಂದು ವಾರದ ಅಂತರ. ಯಾರೂ ನೋಡದ, ಅವನೇ ನೋಡಬೇಕಾಗಿದ್ದ ಸಾಲು. ಆವತ್ತು ಅವನು ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟು, ಹೋಗಿ ಟೀ ಕುಡಿದು ಬಂದ. ಒಂದು ಟಿಪ್ಪಣಿ ಬರೆದರೆ ಸಾಕಿತ್ತು. ಬರೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಕೈಯಿಂದ ತಪ್ಪು ಹೋಗಿಲ್ಲವೆಂದು ಮೇಲಿನವರು ಸಭೆಯಲ್ಲಿ ಹೇಳುತ್ತಿದ್ದರು, ಅದನ್ನು ಕೇಳುವುದು ಅವನಿಗೆ ಇಷ್ಟವಾಗಿತ್ತು. ಅಷ್ಟು ಸಣ್ಣ ಕಾರಣ. ಆಮೇಲೆ ಶಂಕರಪ್ಪನಿಗೆ ರೆಕಾರ್ಡ್ ರೂಮಿಗೆ ವರ್ಗವಾಯಿತು. ಆ ಕಡತ ಶಂಕರಪ್ಪನ ಕೈಯ ಅಳತೆಯಲ್ಲೇ, ಯಾವುದೋ ಕಪಾಟಿನಲ್ಲಿ, ದಾರ ಕಟ್ಟಿಸಿಕೊಂಡು ಕೂತಿದೆ ಎಂಬ ಯೋಚನೆ ಗೋಪಿನಾಥನನ್ನು ಸ್ನಾನ ಮಾಡುವಾಗಲೂ ಕಾಡತೊಡಗಿತು. ಹಾಗಾಗಿ ಈ ಏಪ್ರಿಲ್‌ನಲ್ಲಿ, ಮೂರು ವರ್ಷ ತುಂಬಲು ಇನ್ನೂ ತಿಂಗಳುಗಳು ಇದ್ದಾಗಲೇ, ಎರಡು ಸಾವಿರದ ಆರು, ಏಳು, ಎಂಟು ಎಂದು ಬೆರಳು ಮಡಿಸಿ ಮೂರಾಯಿತೆಂದು ಅರ್ಥ ಮಾಡಿ, ಇಡೀ ವರ್ಷದ ಕಡತಗಳನ್ನು ಪಟ್ಟಿಗೆ ಹಾಕಿದ. ಒಂದನ್ನೇ ತೆಗೆದರೆ ಕಣ್ಣಿಗೆ ಹೊಡೆಯುತ್ತದೆ. ಎಲ್ಲವನ್ನೂ ತೆಗೆದರೆ ಶಿಸ್ತು. ಆ ಎಲ್ಲದರ ನಡುವೆ ತನ್ನ ಕಡತವೂ ಇದೆಯೆಂಬುದು ಸಹಿ ಹಾಕುವಾಗ ನೆನಪಾಗಲಿಲ್ಲ. ಆಗ ಸೊಂಟ ಚೆನ್ನಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿಲು ಬಲಿತಿತ್ತು. ಚಳಿಗಾಲದಲ್ಲಿ ಭಾರತ ಸರ್ಕಾರ ಹುಲ್ಲಿನ ಮೇಲೆ ನಡೆಯುತ್ತದೆ ಎಂದು ಗೋಪಿನಾಥ ಊರಿಗೆ ಹೋದಾಗಲೆಲ್ಲ ತಮಾಷೆ ಮಾಡುವುದುಂಟು. ಭವನದ ಮುಂದಿನ ಹುಲ್ಲಿನ ಮೇಲೆ ಸೆಕ್ಷನ್ನುಗಳಿಗೆ ಸೆಕ್ಷನ್ನುಗಳೇ ಹಾಸಿಕೊಂಡು ಕೂತಿದ್ದವು. ಹೆಂಗಸರು ಸ್ವೆಟರು ಹೆಣೆಯುತ್ತಿದ್ದರು, ಕಡಲೆಕಾಯಿ ಮಾರುವ ಭಯ್ಯಾ ಗುಂಪಿನಿಂದ ಗುಂಪಿಗೆ ಹೋಗುತ್ತಿದ್ದ, ಕಿತ್ತಳೆ ಸಿಪ್ಪೆಯ ವಾಸನೆ ಎಲ್ಲ ಕಡೆ. ಗೋಪಿನಾಥ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹುಳಿಯನ್ನ ತಿಂದ, ಕಡಲೆಕಾಯಿ ಬಿಡಿಸಿದ. ಬೆನ್ನಿಗೆ ಬಿಸಿಲು ಬಿದ್ದಾಗ ಮನಸ್ಸು ತಾನಾಗಿ ಸಡಿಲವಾಯಿತು. ಕಳೆದ ಭಾನುವಾರ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಅವನೂ ಲೀಲಮ್ಮನೂ ಅಹಲ್ಯಾಳನ್ನು ಕಂಡಿದ್ದರು. ಎರಡೂ ಕೈಯಲ್ಲಿ ಚೀಲ, ಸ್ವೆಟರಿನ ಗುಡ್ಡೆಯ ಮೇಲೆ ಬಾಗಿ, ಮಾರುವವನ ಜೊತೆ ಇಪ್ಪತ್ತು ರೂಪಾಯಿಗೆ ಜಗಳವಾಡುತ್ತಿದ್ದಳು. ‘ನಂದು ದೇಶಿ ಮಾಲು ಲೀಲಮ್ಮನವರೇ, ಮೂರು ಮಹಡಿ ಹತ್ತಿ ಇಳೀತೀನಿ. ಇವರದು ಫಾರಿನ್ನು, ನೋಡಿ ಪಾಪ ಹೆಂಗೆ ನಡೀತಾರೆ!’ ಎಂದು ನಕ್ಕಳು. ಲೀಲಮ್ಮನೂ ನಕ್ಕಳು, ಗೋಪಿನಾಥನಿಗೂ ನಗು ಬಂತು. ಆಗ ಅವಳು ನಡೆದು ಹೋದದ್ದನ್ನು ಅವನು ಜನರ ಮಧ್ಯೆ ಕಾಣದಾಗುವವರೆಗೂ ನೋಡಿದ್ದ. ಒಬ್ಬರ ನಡಿಗೆ ನೋಡಿ ಇಷ್ಟು ಖುಷಿಯಾಗಬಹುದೆಂದು ಗೊತ್ತಿರಲಿಲ್ಲ. ಕಡಲೆಕಾಯಿ ಮುಗಿಯಿತು. ಸಿಪ್ಪೆ ಕೊಡವಿ ಎದ್ದ. ರದ್ದಿಯವನು ಎಲ್ಲವನ್ನೂ ಒಯ್ದಿರಲಿಕ್ಕಿಲ್ಲ, ಒಂದೆರಡು ಕಟ್ಟಾದರೂ ಮೂಲೆಯಲ್ಲಿ ಉಳಿದಿರಬಹುದು ಎಂಬ ಆಸೆ ಅವನದು. ಕೇಳಲು ಶಂಕರಪ್ಪನ ಹೊರತು ಬೇರೆ ಯಾರೂ ಇರಲಿಲ್ಲ.

ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಕಾಲು ಹೊರಕ್ಕೆ ತಿರುಗಿಸಲು ಮರೆತು ಸೊಂಟ ಎರಡು ಸಲ ಟಕ್ಕೆಂದಿತು. ರೆಕಾರ್ಡ್ ರೂಮಿನಲ್ಲಿ ಹಳೆ ಕಾಗದದ ಒಣ ವಾಸನೆ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ಶಂಕರಪ್ಪ ಗಡಿಬಿಡಿಯಿಂದ ಎದ್ದು ಸ್ಟೂಲಿನ ಮೇಲಿನ ಕಟ್ಟುಗಳನ್ನು ಕೆಳಗಿಟ್ಟು ತನ್ನ ಕರವಸ್ತ್ರದಿಂದ ಧೂಳು ಒರೆಸಿದ.

‘ಇಲ್ಲೀವರೆಗೆ ಯಾಕೆ ಬಂದ್ರಿ ಸಾರ್? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ.’

‘ಇರಲಿ. ಏಪ್ರಿಲ್‌ನಲ್ಲಿ ತೆಗೆಸಿದ ಫೈಲುಗಳು… ಎಲ್ಲಾ ಹೋದ್ವಾ?’

‘ಎಲ್ಲಾ ಹೋಯ್ತು ಸಾರ್. ಒಂದು ಟೆಂಪೋ. ನೀವೇ ಸಹಿ ಹಾಕಿದ್ರಲ್ಲ.’

‘ಅದರಲ್ಲಿ ನನ್ನ ಫೈಲೂ ಇತ್ತು.’

‘ಗೊತ್ತು ಸಾರ್. ನಿಮ್ಮದು ಇನ್ನೂರ ಹದಿನೇಳು. ನಂದು ಇನ್ನೂರ ಹದಿನೆಂಟು.’

ಗೋಪಿನಾಥ ಕೂತ. ಹೇಳಬೇಕಾದದ್ದನ್ನು ಹೇಳಿದ: ಸೊಂಟ ಕೆಟ್ಟದ್ದು, ಕಂಪನಿ, ಬ್ಯಾಚ್ ನಂಬರು, ಮೂರು ಲಕ್ಷ ತೊಂಬತ್ತು ಸಾವಿರ. ಹೇಳುತ್ತ ಹೋದಂತೆ ತನ್ನ ದನಿ ಅರ್ಜಿದಾರನ ದನಿಯಾಗುತ್ತಿರುವುದು ಕೇಳಿಸಿತು. ಶಂಕರಪ್ಪ ಈಗ ಏನಾದರೂ ಅನ್ನಲಿ ಎಂದು ಕಾದ. ನಾಳೆ ಬನ್ನಿ ಅನ್ನಬಹುದು, ಅಥವಾ ಸ್ಟಿಕ್ಕರಿಗೆ ತಾನು ತಿರುಗಿದ ಕತೆ ತೆಗೆಯಬಹುದು. ಅಂಥದ್ದೊಂದು ಏಟಿಗೆ ಅವನು ಬೆಳಗ್ಗೆಯಿಂದ ಕೆನ್ನೆ ಒಡ್ಡಿಕೊಂಡೇ ಬಂದಿದ್ದ. ಶಂಕರಪ್ಪ ಕೆಳಗಿನ ಡ್ರಾಯರ್ ಎಳೆದು ಉದ್ದನೆಯ ಹಳೆ ಹಾಜರಿ ಪುಸ್ತಕವೊಂದನ್ನು ಹೊರಗೆ ತೆಗೆದ.

ಪುಟ ತುಂಬ ಸ್ಟಿಕ್ಕರುಗಳು. ಸ್ಕೇಲು ಹಿಡಿದು ಎಳೆದ ಚೌಕಗಳು, ಒಂದೊಂದು ಚೌಕದಲ್ಲಿ ಅಂಟಿಸಿದ ಒಂದೊಂದು ಬೆಳ್ಳಿ ಬಿಲ್ಲೆ, ಕೆಳಗೆ ನೀಲಿ ಶಾಯಿಯಲ್ಲಿ ಕಡತದ ಸಂಖ್ಯೆ, ಹೆಸರು, ಬಲ ಮೊಣಕಾಲು, ಎಡಗಣ್ಣಿನ ಮಸೂರ, ಹೃದಯದ ಪೇಸ್‌ಮೇಕರು. ಅರ್ಧ ಸಚಿವಾಲಯದ ಮೈಯೊಳಗಿನದೆಲ್ಲ ಅಲ್ಲಿತ್ತು.

‘ಇದೇನು ಶಂಕರಪ್ಪನವರೇ?’

‘ಏನೋ ಸಾರ್. ಆ ಚೀಟಿ ಕಂಡ್ರೆ ನಂಗೆ ಬಿಸಾಡೋಕೆ ಕೈ ಬರಲ್ಲ. ಫೈಲು ಕಟ್ಟೋ ಮೊದ್ಲು ಒಂದೊಂದನ್ನೇ ಬಿಡಿಸಿ ಇಟ್ಟೆ. ಯಾರಿಗೆ ಯಾವಾಗ ಬೇಕಾಗುತ್ತೋ. ನಿಯಮಕ್ಕೆ ವಿರುದ್ಧ, ಗೊತ್ತು ಸಾರ್. ಮೇಲೆ ಹೇಳಬೇಡಿ.’

ಹೇಳುತ್ತಲೇ ಅವನು ಹಳೆಯ ಬ್ಲೇಡಿನಿಂದ ಒಂದು ಚೌಕವನ್ನು ಮೆಲ್ಲಗೆ ಕತ್ತರಿಸಿ ತೆಗೆದು, ಲಕೋಟೆಯಲ್ಲಿ ಹಾಕಿ, ಗೋಪಿನಾಥನ ಕೈಗಿಟ್ಟ. ಕೋರಿಕೆ ಚೀಟಿ ಕೇಳಲಿಲ್ಲ, ಸಹಿ ಕೇಳಲಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ. ಗೋಪಿನಾಥ ಲಕೋಟೆ ಬಿಡಿಸಿ ನೋಡಿದ. ಅವನ ನಂಬರು, ಚಾಕುವಿಲ್ಲದೆ, ರಕ್ತವಿಲ್ಲದೆ, ಅಂಗೈಯಲ್ಲಿ. ದ್ವಾರಕಾದ ಫ್ಲ್ಯಾಟಿನ ಅಡುಗೆಮನೆಯ ಕಿಟಕಿ ಕಣ್ಣ ಮುಂದೆ ಬಂತು, ಅಲ್ಲಿ ನಿಂತು ಬೈಯುವ ಲೀಲಮ್ಮ ಬಂದಳು. ಎದೆ ತುಂಬಿ ಬಂತು. ಅದರ ಜೊತೆಗೇ ಒಂದು ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಮೂರು ಸಲ ಅಲೆಸಬೇಕಿತ್ತು ಈ ಮನುಷ್ಯ. ಒಂದು ಸಲವಾದರೂ ಅಲೆಸಬೇಕಿತ್ತು. ‘ತುಂಬಾ ಉಪಕಾರವಾಯ್ತು’ ಎಂದು ಎದ್ದವನ ಕಣ್ಣು ತೆರೆದೇ ಇದ್ದ ಪುಟದ ಮೇಲೆ ಬಿತ್ತು. ತನ್ನ ಚೌಕ ಈಗ ಕಿಟಕಿಯಂತೆ ಖಾಲಿ. ಪಕ್ಕದ ಚೌಕವೂ ಖಾಲಿಯಿತ್ತು, ಆದರೆ ಅದನ್ನು ಯಾರೂ ಕತ್ತರಿಸಿರಲಿಲ್ಲ. ಅದರ ಕೆಳಗೆ ಅದೇ ನೀಲಿ ಶಾಯಿಯಲ್ಲಿ, ಅದೇ ಅಚ್ಚುಕಟ್ಟು ಅಕ್ಷರದಲ್ಲಿ ಬರೆದಿತ್ತು: ಇನ್ನೂರ ಹದಿನೆಂಟು, ಅಹಲ್ಯಾ, ಎಡ ಸೊಂಟ, ಸ್ಟಿಕ್ಕರು ಇಲ್ಲ.

ಬಾಗಿಲು ಆರು ಹೆಜ್ಜೆ ದೂರದಲ್ಲಿತ್ತು. ಲಕೋಟೆ ಅಂಗಿಯ ಜೇಬಿನಲ್ಲಿತ್ತು. ಕಡತ ರದ್ದಿಯಾಗಿತ್ತು, ಆದೇಶದ ಆ ಕೊನೆಯ ಸಾಲನ್ನು ಇನ್ನು ಯಾರೂ ಓದುವವರಿರಲಿಲ್ಲ. ಗೋಪಿನಾಥ ಮತ್ತೆ ಸ್ಟೂಲಿನ ಮೇಲೆ ಕೂತ.

‘ಶಂಕರಪ್ಪನವರೇ, ನಿಮ್ಮ ಬಿಲ್ಲಿಗೆ ಸ್ಟಿಕ್ಕರು ಬೇಕೇ ಇರಲಿಲ್ಲ. ಆ ಆರ್ಡರು ಬಂದದ್ದು ಜೂನ್ ಎರಡಕ್ಕೆ. ನಿಮ್ಮ ಮನೆಯವರು ಮೇ ಇಪ್ಪತ್ತಾರಕ್ಕೇ ಮನೆಗೆ ಬಂದಿದ್ರು. ತಪ್ಪು ನಂದು.’ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ‘ಫೈಲು ಮುಚ್ಚಿ ಎರಡು ತಿಂಗಳಿಗೆ ನಂಗೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಏಪ್ರಿಲ್‌ನಲ್ಲಿ ಅವಧಿಗೆ ಮೊದಲೇ ಎಲ್ಲಾ ತೆಗೆಸಿದ್ದೂ ಅದಕ್ಕೇ.’

ಶಂಕರಪ್ಪ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ. ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ತೆಗೆದ, ಮತ್ತೆ ತಿರುಗಿಸಿದ. ಮೇಲೆ ಎಲ್ಲೋ ನೀರಿನ ಪೈಪು ಗೊಳಗೊಳ ಅಂದಿತು.

‘ಸ್ಕೂಟರ್ ಕೊಟ್ಟ ದಿನ ಅಹಲ್ಯಾ ಊಟ ಮಾಡಲಿಲ್ಲ ಸಾರ್’ ಎಂದ ಕೊನೆಗೆ, ಯಾರದೋ ವಿಷಯ ಹೇಳುವವನಂತೆ. ‘ದುಡ್ಡು ಹೋಯ್ತು ಅಂತ ಅಲ್ಲ. ಒಂದು ಚೀಟಿ ಜೋಪಾನವಾಗಿ ಇಸ್ಕೊಂಡು ಬರೋಕೆ ಬರಲಿಲ್ಲವಲ್ಲ ನಿಮಗೆ ಅಂದ್ಳು. ಮೂರು ವರ್ಷ ಆಯ್ತು, ಏನಾದ್ರೂ ಕಳೆದ್ರೆ ಈಗ್ಲೂ ಅದನ್ನೇ ಅಂತಾಳೆ. ನಾನೂ ಹೌದು ಅಂತಲೇ ಅಂದ್ಕೊಂಡಿದ್ದೆ.’

ಐವತ್ತನಾಲ್ಕು ಸಾವಿರವನ್ನು ಗೋಪಿನಾಥ ಎಷ್ಟೋ ಸಲ ನೆನೆಸಿಕೊಂಡಿದ್ದ, ಇದನ್ನು ನೆನೆಸಿಕೊಂಡಿರಲಿಲ್ಲ. ‘ನಾನೇ ನೋಟ್ ಹಾಕ್ತೀನಿ’ ಎಂದ ಅವಸರವಾಗಿ. ‘ಕ್ಲೇಮು ಮತ್ತೆ ತೆರೆಸ್ತೀನಿ. ಮೇಲಿನವರ ಹತ್ತಿರ ನಾನೇ ಮಾತಾಡ್ತೀನಿ. ಖಂಡಿತ.’

ಶಂಕರಪ್ಪ ಅವನ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತು, ಈಗ ಮೊದಲ ಸಲ, ಮುಚ್ಚಿಡದ ಸಿಟ್ಟು.

‘ಬರೆದು ಕೊಡಿ ಸಾರ್.’

ಗೋಪಿನಾಥನ ದನಿಯನ್ನು ಅವನು ಅಣಕಿಸಲಿಲ್ಲ. ಅವನದೇ ದನಿ, ಹಿರಿಯೂರಿನ ದನಿ. ಮೇಜಿನ ಮೇಲೆ ಎರಡು ಬಿಳಿ ಹಾಳೆ ಇಟ್ಟು, ನಡುವೆ ಕಾರ್ಬನ್ ಸೇರಿಸಿ, ಅಂಚು ಸರಿಮಾಡಿ, ಗೋಪಿನಾಥನ ಕಡೆ ಸರಿಸಿದ. ‘ಎರಡು ಪ್ರತಿ. ಒಂದು ನಂಗೆ ಇರಲಿ. ತಾರೀಖು ಮೊದ್ಲು ಹಾಕಿ.’

ಬರೆದದ್ದು ಕಲ್ಲು. ಅದು ತನ್ನ ನಿವೃತ್ತಿಯ ಹೊಸ್ತಿಲಲ್ಲೇ ಬೀಳುವ ಕಲ್ಲು ಎಂಬುದು ಗೋಪಿನಾಥನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಿಚಾರಣೆಯಾಗುತ್ತದೆ, ಬಡ್ತಿಯ ಮಾತು ನಿಲ್ಲುತ್ತದೆ, ಆ ಐವತ್ತನಾಲ್ಕು ಸಾವಿರವನ್ನು ತನ್ನ ಸಂಬಳದಿಂದಲೇ ಮುರಿದುಕೊಳ್ಳಬಹುದು. ಲೀಲಮ್ಮ ಟೀವಿಯ ಪಕ್ಕದ ಪ್ರಶಂಸಾಪತ್ರವನ್ನು ತೆಗೆದು ಒಳಗಿಡಬೇಕಾಗುತ್ತದೆ. ಪೆನ್ನಿನ ಟೋಪಿ ತೆಗೆದ. ತಾರೀಖು ಹಾಕಿದ. ಮೇಲಿನ ಸೆಕ್ಷನ್ನಿನಲ್ಲಿ ಎಷ್ಟೋ ಸಾವಿರ ಟಿಪ್ಪಣಿ ಬರೆದ ಕೈ ‘ನನ್ನಿಂದ’ ಎಂಬ ಪದದಿಂದ ಶುರುಮಾಡಿದ್ದು ಇದೇ ಮೊದಲು. ಕಾರ್ಬನ್ನಿಗೆ ಮೂಡಲೆಂದು ಒತ್ತಿ ಬರೆದ. ಬೆನ್ನಿನ ಮೇಲೆ ಮಧ್ಯಾಹ್ನದ ಬಿಸಿಲು ಇನ್ನೂ ಉಳಿದಿದೆಯೆಂಬ ಹಾಗೆ ಮೈ ಬೆಚ್ಚಗಿತ್ತು. ಹನ್ನೊಂದು ಸಾಲು. ಸಹಿ ಹಾಕಿ, ಕೆಳಗೆ ಹುದ್ದೆ ಬರೆದು, ಎರಡನ್ನೂ ಶಂಕರಪ್ಪನಿಗೆ ಕೊಟ್ಟ.

ಶಂಕರಪ್ಪ ತುಟಿ ಅಲುಗಿಸುತ್ತ ಮೊದಲಿನಿಂದ ಕೊನೆಯವರೆಗೆ ಓದಿದ. ಒರಿಜಿನಲ್ಲನ್ನು ಹಿಂದಕ್ಕೆ ಕೊಟ್ಟ, ಮೇಲೆ ಕಳಿಸಲು. ನಕಲನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಚಿ ಅಳತೆ ನೋಡಿ, ಅಹಲ್ಯಾಳ ಚೌಕಕ್ಕೆ ಗೋಂದು ಹಚ್ಚಿ ಅಂಟಿಸಿದ. ‘ಸ್ಟಿಕ್ಕರು ಇಲ್ಲ’ ಎಂಬುದರ ಮೇಲೆ ನೀಲಿ ಶಾಯಿಯಲ್ಲಿ ಒಂದು ಗೆರೆ ಎಳೆದ. ಇನ್ನು ಎದ್ದು ಹೋಗಬಹುದೇನೋ ಎಂದು ಗೋಪಿನಾಥ ಪುಸ್ತಕ ಮುಚ್ಚಲು ಕೈ ಚಾಚಿದ. ಶಂಕರಪ್ಪ ಆ ಕೈಯನ್ನು ತಡೆದ.

‘ಇರಿ ಸಾರ್, ಒಣಗಲಿ. ಆಮೇಲೆ ಮುಚ್ಚೋಣ.’

ಇಬ್ಬರೂ ಮೊಣಕೈ ಮೇಜಿಗೂರಿ ಕೂತರು.